ಮುಪ್ಪಿನ ತಂದೆ–ತಾಯಿಯ ಆರೈಕೆ: ಮಕ್ಕಳು ತಿಳಿದಿರಬೇಕಾದ ನೆರವು, ಕಾನೂನು, ಸೌಲಭ್ಯ

ಮಕ್ಕಳನ್ನು ಸಾಕಿ ಸಲಹುವುದು ಹೇಗೆಂದು ಹೇಳಿಕೊಡಲು ಪ್ರತಿ ಮನೆಯಲ್ಲೂ ಹಿರಿಯರಿರುತ್ತಾರೆ. ಆದರೆ ಹಾಗೆ ಹೇಳಿಕೊಡುತ್ತಿದ್ದ ಹಿರಿಯರೇ ಹಾಸಿಗೆ ಹಿಡಿದಾಗ ಏನು ಮಾಡಬೇಕೆಂದು ಕಲಿಸುವವರು ಯಾರೂ ಇರುವುದಿಲ್ಲ. ಒಂದು ರಾತ್ರಿ ತಾಯಿ ಬಚ್ಚಲಲ್ಲಿ ಜಾರಿ ಬೀಳುತ್ತಾರೆ, ಅಥವಾ ತಂದೆಗೆ ನಿತ್ಯ ನಡೆದಾಡುವ ಬೀದಿಯ ದಾರಿಯೇ ಮರೆತುಹೋಗುತ್ತದೆ. ಮರುದಿನದಿಂದ ಮಗನೋ ಮಗಳೋ ಸೊಸೆಯೋ ಯಾವ ತರಬೇತಿಯೂ ಇಲ್ಲದೆ ದಾದಿ, ಗುಮಾಸ್ತ, ಖಜಾಂಚಿ, ವಕೀಲ ಎಲ್ಲವೂ ಆಗಬೇಕಾಗುತ್ತದೆ.

ಇದು ಒಂದೆರಡು ಮನೆಗಳ ಸಂಗತಿಯಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 58 ಲಕ್ಷ. ಅಂದರೆ ಜನಸಂಖ್ಯೆಯ ಶೇ 9.5ರಷ್ಟು. ದೇಶದ ಸರಾಸರಿ ಆಗ ಶೇ 8.6ರಷ್ಟಿತ್ತು. ಆಯುಷ್ಯ ಹೆಚ್ಚಿದೆ, ಮಕ್ಕಳ ಸಂಖ್ಯೆ ಇಳಿದಿದೆ, ಇದ್ದ ಮಕ್ಕಳೂ ಉದ್ಯೋಗ ಅರಸಿ ಊರು ಬಿಟ್ಟಿದ್ದಾರೆ. ನಾಲ್ವರು ಹಂಚಿಕೊಳ್ಳುತ್ತಿದ್ದ ಹೊಣೆ ಒಬ್ಬರ ಹೆಗಲಿಗೆ ಬಿದ್ದಿದೆ. ಮಕ್ಕಳ ಕಾಲೇಜು ಶುಲ್ಕ ಮತ್ತು ಹೆತ್ತವರ ಔಷಧಿಯ ಖರ್ಚು ಒಂದೇ ಸಂಬಳದಿಂದ ಹೊರಡಬೇಕಾದ ಸ್ಥಿತಿ ನಗರದ ಮಧ್ಯಮ ವರ್ಗದ ಅನೇಕ ಮನೆಗಳಲ್ಲಿದೆ. ಇಂಥ ಕುಟುಂಬಗಳಿಗೆ ದೊರೆಯಬಹುದಾದ ನೆರವು ಹಲವು ಇಲಾಖೆ, ಹಲವು ಕಾಯ್ದೆಗಳಲ್ಲಿ ಹಂಚಿಹೋಗಿದೆ. ಅವುಗಳಲ್ಲಿ ಮುಖ್ಯವಾದವುಗಳ ಮಾಹಿತಿ ಇಲ್ಲಿದೆ.

ಮೊದಲು ಮಾತುಕತೆ

ಆರೈಕೆಯ ಮೊದಲ ಹೆಜ್ಜೆ ಆಸ್ಪತ್ರೆಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ ಆರಂಭವಾಗಬೇಕು. ತಂದೆ–ತಾಯಿ ಸುಸ್ಥಿತಿಯಲ್ಲಿರುವಾಗಲೇ ಮಕ್ಕಳೆಲ್ಲ ಒಂದೆಡೆ ಕುಳಿತು ಕೆಲವು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳಿತು. ಅವರು ಎಲ್ಲಿರಲು ಬಯಸುತ್ತಾರೆ, ಯಾವ ಕಾಯಿಲೆಗೆ ಯಾವ ಔಷಧಿ ನಡೆಯುತ್ತಿದೆ, ಬ್ಯಾಂಕ್ ಖಾತೆ, ಠೇವಣಿ, ವಿಮೆ ಎಲ್ಲೆಲ್ಲಿವೆ, ಮನೆ–ಜಮೀನಿನ ಪತ್ರಗಳು ಯಾರ ಬಳಿ ಇವೆ ಎಂಬುದೆಲ್ಲ ಒಂದು ಹಾಳೆಯ ಮೇಲೆ ಬರಬೇಕು.

ಮಕ್ಕಳ ನಡುವಿನ ಹೊಣೆಗಾರಿಕೆಯ ಹಂಚಿಕೆಯೂ ಅಷ್ಟೇ ಮುಖ್ಯ. ಜೊತೆಯಲ್ಲಿರುವವರು ದೇಹಶ್ರಮ ವಹಿಸಿದರೆ ದೂರದಲ್ಲಿರುವವರು ಹಣ ಭರಿಸುವುದು ಸಾಮಾನ್ಯ ವ್ಯವಸ್ಥೆ. ಆದರೆ ಹಣ ಕಳುಹಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ಭಾವಿಸಿದಲ್ಲಿ ಮನಸ್ತಾಪ ತಪ್ಪಿದ್ದಲ್ಲ. ವರ್ಷದಲ್ಲಿ ಕೆಲವು ವಾರ ಬಂದು ಹೊಣೆ ವಹಿಸಿಕೊಂಡು, ಜೊತೆಗಿರುವವರಿಗೆ ಬಿಡುವು ನೀಡುವುದು ಹಣಕ್ಕಿಂತ ದೊಡ್ಡ ನೆರವಾಗಬಲ್ಲದು. ವೈದ್ಯರೊಂದಿಗೆ ದೂರವಾಣಿ ಸಮಾಲೋಚನೆ, ಬಿಲ್ ಪಾವತಿ, ವಿಮೆಯ ಪತ್ರವ್ಯವಹಾರ ಮುಂತಾದವನ್ನು ಹೊರ ಊರಿನಲ್ಲಿದ್ದುಕೊಂಡೇ ನಿರ್ವಹಿಸಬಹುದು.

ಆರೋಗ್ಯ: ಎಲ್ಲಿ ಏನು ಲಭ್ಯ?

ಹಿರಿಯ ನಾಗರಿಕರ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರ 2010–11ರಲ್ಲಿ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಹೊರರೋಗಿ ವಿಭಾಗ ಹಾಗೂ ಹತ್ತು ಹಾಸಿಗೆಗಳ ವಾರ್ಡ್ ಒದಗಿಸುವುದು ಇದರ ಭಾಗ. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಚಾಲನೆಗೊಂಡಿತು. 30 ವರ್ಷ ಮೇಲ್ಪಟ್ಟವರ ರಕ್ತದೊತ್ತಡ, ಮಧುಮೇಹ ಮೊದಲಾದವುಗಳನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡುವುದು ಅದರ ಉದ್ದೇಶ.

ಮರೆವಿನ ಕಾಯಿಲೆಯನ್ನು ‘ವಯಸ್ಸಾಯಿತು, ಅರಳು ಮರಳು’ ಎಂದು ತಳ್ಳಿಹಾಕುವುದು ಅನೇಕ ಮನೆಗಳಲ್ಲಿ ನಡೆಯುವ ತಪ್ಪು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆಯೆಂದು ಅಂದಾಜಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ತಜ್ಞ ಚಿಕಿತ್ಸೆಯಿದೆ. ಅದೇ ಸಂಸ್ಥೆಯ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯುವ ಕಾರ್ಯ ನಡೆದಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಾಗೂ 1992ರಲ್ಲಿ ಸ್ಥಾಪನೆಯಾದ ಭಾರತೀಯ ಆಲ್ಝೈಮರ್ಸ್ ಸೊಸೈಟಿಯ ಬೆಂಗಳೂರು ಶಾಖೆ ರೋಗಿಗಳ ಕುಟುಂಬದವರಿಗೂ ಮಾರ್ಗದರ್ಶನ ನೀಡುತ್ತವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಆವರಿಸುತ್ತದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದು ಮರೆವಿನ ಕಾಯಿಲೆ ಎಂದು ಸುಮ್ಮನಿರಬಾರದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ನಿರ್ಜಲೀಕರಣ, ಹೊಸ ಔಷಧಿಯ ಅಡ್ಡ ಪರಿಣಾಮ ಮುಂತಾದವು ಇದಕ್ಕೆ ಕಾರಣವಾಗಬಹುದು. ತಕ್ಷಣ ಚಿಕಿತ್ಸೆ ಸಿಕ್ಕರೆ ಇವುಗಳಲ್ಲಿ ಬಹುಪಾಲು ಗುಣವಾಗುವಂಥವು. ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾದ್ದರಿಂದ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಮನೆಯನ್ನು ಅಣಿಗೊಳಿಸುವುದು

ವೃದ್ಧರು ಬೀಳುವುದು ಹೆಚ್ಚಾಗಿ ಮನೆಯೊಳಗೇ. ಸೊಂಟದ ಮೂಳೆ ಮುರಿದ ಮೇಲೆ ಆಗುವ ಖರ್ಚಿಗೆ ಹೋಲಿಸಿದರೆ ಅದನ್ನು ತಪ್ಪಿಸುವ ಖರ್ಚು ಅತ್ಯಲ್ಪ. ಬಚ್ಚಲು, ಶೌಚಾಲಯದ ಗೋಡೆಗೆ ಹಿಡಿಕೆ, ಜಾರದ ನೆಲಹಾಸು, ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಕಮೋಡ್ ಕುರ್ಚಿ, ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ರಾತ್ರಿದೀಪ – ಇಷ್ಟಾದರೂ ಇರಬೇಕು. ಕಾಲಿಗೆ ತೊಡರುವ ಚಾಪೆ, ವಯರುಗಳನ್ನು ತೆಗೆದುಹಾಕಬೇಕು.

ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ದೊಡ್ಡ ಶತ್ರು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಒಣಗಿರುವಂತೆ ನೋಡಿಕೊಳ್ಳುವುದು, ಗಾಳಿಹಾಸಿಗೆ ಬಳಸುವುದು ಇದಕ್ಕೆ ಮುಂಜಾಗ್ರತೆ. ಮಲಗಿದ ಭಂಗಿಯಲ್ಲಿ ಊಟ ಮಾಡಿಸಿದರೆ ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು. ಆದ್ದರಿಂದ ಎಬ್ಬಿಸಿ ಕೂರಿಸಿ ಉಣಿಸಬೇಕು. ಬೇರೆ ಬೇರೆ ವೈದ್ಯರು ಬರೆದ ಎಲ್ಲ ಔಷಧಿಗಳ ಒಂದೇ ಪಟ್ಟಿ ಮಾಡಿ ಪ್ರತಿ ಭೇಟಿಯಲ್ಲೂ ತೋರಿಸಿದರೆ, ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ಸೇವಿಸುವ ಪ್ರಮಾದ ತಪ್ಪುತ್ತದೆ.

ಮನೆಗೆ ದಾದಿ ಅಥವಾ ಸಹಾಯಕರನ್ನು ನೇಮಿಸಿಕೊಳ್ಳುವವರು ಗುರುತಿನ ಚೀಟಿಯ ಪ್ರತಿ, ಪೊಲೀಸ್ ಪರಿಶೀಲನೆ, ಕೆಲಸದ ವೇಳೆ, ವಾರದ ರಜೆ, ಸಂಬಳ ಎಲ್ಲವನ್ನೂ ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಚುಚ್ಚುಮದ್ದು, ಮೂತ್ರನಾಳದ ಕೊಳವೆ ಮುಂತಾದವನ್ನು ನಿರ್ವಹಿಸಲು ತರಬೇತಿ ಪಡೆದ ದಾದಿಯೇ ಬೇಕು. ಸ್ನಾನ, ಊಟ, ಬಟ್ಟೆಯ ಕೆಲಸಕ್ಕೆ ಸಹಾಯಕರು ಸಾಕು. ಈ ವ್ಯತ್ಯಾಸ ತಿಳಿದಿದ್ದರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ಹಣಕಾಸು: ವಿಮೆ, ಪಿಂಚಣಿ, ತೆರಿಗೆ

ರಾಜ್ಯದ ಆರೋಗ್ಯ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನೆರವು ಸಿಗುತ್ತದೆ. ಆದಾಯದ ಮಿತಿಯಿಲ್ಲದೆ 70 ವರ್ಷ ದಾಟಿದ ಎಲ್ಲರಿಗೂ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ರಕ್ಷಣೆ ನೀಡುವ ‘ವಯ ವಂದನ’ ಕಾರ್ಡ್ ಯೋಜನೆಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ನೀಡಿತು. ತಮ್ಮವರ ಚಿಕಿತ್ಸೆ ಯಾವ ಯೋಜನೆಯಡಿ ಬರುತ್ತದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಖಾಸಗಿ ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷದ ವಯೋಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕೈಬಿಟ್ಟಿತು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48ರಿಂದ 36 ತಿಂಗಳಿಗೆ ಇಳಿಸಿತು. ಹಿರಿಯ ನಾಗರಿಕರ ವಿಮಾ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಕಾದರೆ ತನ್ನೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಕಂಪನಿಗಳಿಗೆ ಸೂಚಿಸಿತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

ಹಳೆಯ ಆದಾಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಮಕ್ಕಳು, 60 ದಾಟಿದ ತಂದೆ–ತಾಯಿಯ ವಿಮಾ ಕಂತಿಗಾಗಿ ವರ್ಷಕ್ಕೆ 50,000 ರೂಪಾಯಿವರೆಗೆ ಕಡಿತ ಪಡೆಯಬಹುದು. ವಿಮೆಯೇ ಇಲ್ಲದಿದ್ದರೆ ಅವರ ಚಿಕಿತ್ಸಾ ವೆಚ್ಚಕ್ಕೂ ಇದೇ ಮಿತಿಯಲ್ಲಿ ಕಡಿತ ಉಂಟು. ಹಣವನ್ನು ನಗದಾಗಿ ಪಾವತಿಸಿರಬಾರದು ಎಂಬುದು ನೆನಪಿರಲಿ.

ಬಡ ಕುಟುಂಬಗಳ 65 ವರ್ಷ ಮೀರಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಹಾಗೂ ಅಸಂಘಟಿತ ಕಾರ್ಮಿಕರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಪಿಂಚಣಿ ದೊರೆಯುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕು. 60 ದಾಟಿದವರು ‘ಸೇವಾ ಸಿಂಧು’ ಮೂಲಕ ಹಿರಿಯ ನಾಗರಿಕರ ಗುರುತಿನ ಚೀಟಿ ಪಡೆಯಬಹುದು. ರಾಜ್ಯ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಹಿರಿಯರಿಗೆ ಶೇ 25 ರಿಯಾಯಿತಿಯಿದೆ. ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಪ್ರಯಾಣವೇ ಉಚಿತ.

ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕಾಗಿ ವೃದ್ಧರನ್ನು ಬ್ಯಾಂಕಿಗೆ ಎತ್ತಿಕೊಂಡು ಹೋಗುವ ಅಗತ್ಯವಿಲ್ಲ. ಮೊಬೈಲ್‌ನಲ್ಲಿ ಮುಖಚಹರೆ ತೋರಿಸಿ ಸಲ್ಲಿಸುವ ವ್ಯವಸ್ಥೆ 2021ರಿಂದ ಜಾರಿಯಲ್ಲಿದೆ. ಅಂಚೆಯವರನ್ನು ಮನೆಗೇ ಕರೆಸಿಯೂ ಮಾಡಿಸಬಹುದು. 70 ದಾಟಿದವರಿಗೆ ಮನೆಬಾಗಿಲಿನ ಬ್ಯಾಂಕಿಂಗ್ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ.

ಪತ್ರಗಳು: ಬುದ್ಧಿ ಸ್ವಾಧೀನವಿರುವಾಗಲೇ

‘ಅಪ್ಪ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಾರೆ, ಚಿಂತೆಯಿಲ್ಲ’ ಎಂದು ಅನೇಕರು ನಂಬಿರುತ್ತಾರೆ. ಕಾನೂನು ಹೇಳುವುದೇ ಬೇರೆ. ಅಧಿಕಾರ ಕೊಟ್ಟವರ ಮನಸ್ಸು ಸ್ವಾಧೀನ ತಪ್ಪಿದೊಡನೆ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಂಥ ಅಧಿಕಾರವೂ ಕೊನೆಗೊಳ್ಳುತ್ತದೆ. ಅಂದರೆ ಡಿಮೆನ್ಶಿಯಾ ತೀವ್ರಗೊಂಡು ಆ ಪತ್ರದ ಅಗತ್ಯ ನಿಜಕ್ಕೂ ಬೀಳುವ ಹೊತ್ತಿಗೇ ಅದು ಬಲ ಕಳೆದುಕೊಳ್ಳುತ್ತದೆ. ಆಗ ಪಾಲಕತ್ವಕ್ಕಾಗಿ ನ್ಯಾಯಾಲಯದ ಮೊರೆ ಹೋಗಬೇಕಾದೀತು. ಆದ್ದರಿಂದ ಇಬ್ಬರಲ್ಲಿ ಯಾರಾದರೂ ನಿರ್ವಹಿಸಬಹುದಾದ ಜಂಟಿ ಖಾತೆ, ಠೇವಣಿಗಳಿಗೆ ನಾಮನಿರ್ದೇಶನ ಮುಂತಾದವನ್ನು ಮೊದಲೇ ಮುಗಿಸಿಕೊಳ್ಳಬೇಕು.

ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ. ನೋಂದಣಿ ಕಡ್ಡಾಯವಲ್ಲ; ಮಾಡಿಸಿದರೆ ಮುಂದಿನ ತಕರಾರು ಕಡಿಮೆಯಾಗುತ್ತದೆ.

ಗುಣವಾಗುವ ಭರವಸೆಯಿಲ್ಲದ ಸ್ಥಿತಿಯಲ್ಲಿ ಕೃತಕ ಉಸಿರಾಟದಂಥ ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ವ್ಯಕ್ತಿಯೇ ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಈ ತೀರ್ಪಿನ ಅನುಷ್ಠಾನಕ್ಕೆ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಮಕ್ಕಳು ತಮ್ಮತಮ್ಮಲ್ಲೇ ವಾದಿಸಿಕೊಳ್ಳುವ ಸಂಕಟವನ್ನು ಇಂಥದೊಂದು ಪತ್ರ ತಪ್ಪಿಸಬಲ್ಲದು.

ಕಾನೂನು ಏನು ಹೇಳುತ್ತದೆ?

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಸಂಸತ್ತು 2007ರಲ್ಲಿ ಅಂಗೀಕರಿಸಿತು. ತಮ್ಮ ಗಳಿಕೆ, ಆಸ್ತಿಯಿಂದ ಜೀವನ ಸಾಗಿಸಲಾಗದ ತಂದೆ–ತಾಯಿ, ಅಜ್ಜ–ಅಜ್ಜಿ ತಮ್ಮ ವಯಸ್ಕ ಮಕ್ಕಳು, ಮೊಮ್ಮಕ್ಕಳಿಂದ ಜೀವನಾಂಶ ಕೋರಬಹುದು. ಮಗ–ಮಗಳೆಂಬ ಭೇದ ಇಲ್ಲಿಲ್ಲ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಕೋರಬಹುದು. ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಕಾಯ್ದೆ ಅನ್ವಯಿಸುತ್ತದೆ.

ರಾಜ್ಯದಲ್ಲಿ ಉಪವಿಭಾಗಾಧಿಕಾರಿಯೇ ಈ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ನೋಟಿಸ್ ತಲುಪಿದ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ ವಿಸ್ತರಿಸಬಹುದು. ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಈ ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದರೂ ಅಂಗೀಕಾರವಾಗದೆ 2024ರಲ್ಲಿ ಬಿದ್ದುಹೋಯಿತು. ಆದೇಶ ಪಾಲಿಸದವರಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಹಿರಿಯರಿಗೆ ತೀರ್ಪು ಸಮ್ಮತವಾಗದಿದ್ದರೆ 60 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆರೈಕೆಯ ಹೊಣೆ ಹೊತ್ತವರು ಹಿರಿಯರನ್ನು ಎಲ್ಲಿಯಾದರೂ ಬಿಟ್ಟು ತೊರೆದುಹೋದಲ್ಲಿ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಶಿಕ್ಷೆಗೆ ಅವಕಾಶವಿದೆ. ವೃದ್ಧರನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ದಾಖಲಿಸಿ ತಿರುಗಿ ನೋಡದ ಪ್ರಕರಣಗಳು ಬೆಳಕಿಗೆ ಬಂದಾಗ, ಇದೇ ಕಾಯ್ದೆಯಡಿ ದೂರು ದಾಖಲಿಸುವಂತೆ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು 2025ರ ಮಾರ್ಚ್‌ನಲ್ಲಿ ಸೂಚಿಸಿದ್ದರು.

ಆಸ್ತಿ ವರ್ಗಾವಣೆಯ ವಿಷಯ ಹೆಚ್ಚು ಸೂಕ್ಷ್ಮವಾದುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನವಾಗಿ ಕೊಟ್ಟ ಆಸ್ತಿಯನ್ನು, ಪಡೆದವರು ಮಾತಿಗೆ ತಪ್ಪಿದಾಗ, ರದ್ದುಪಡಿಸಲು ಕಾಯ್ದೆಯ 23ನೇ ವಿಧಿ ಅವಕಾಶ ನೀಡುತ್ತದೆ. ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಹಿತದ ದೃಷ್ಟಿಯಿಂದ ಉದಾರವಾಗಿ ಅರ್ಥೈಸಬೇಕು, ಸ್ವಾಧೀನ ಮರಳಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ದಾನಪತ್ರದಲ್ಲೇ ಷರತ್ತನ್ನು ನಮೂದಿಸುವುದು ಕೊಡುವವರಿಗೂ ಪಡೆಯುವವರಿಗೂ ಕ್ಷೇಮ.

ಸೊಸೆಯ ಸ್ಥಾನವೂ ಇಲ್ಲಿ ಗಮನಾರ್ಹ. ಕಾಯ್ದೆಯು ‘ಮಕ್ಕಳು’ ಎಂಬುದಕ್ಕೆ ನೀಡಿರುವ ವ್ಯಾಖ್ಯೆಯಲ್ಲಿ ಸೊಸೆ, ಅಳಿಯಂದಿರು ಸೇರಿಲ್ಲ. ಅತ್ತೆ–ಮಾವನ ಪರವಾಗಿ ಈ ಕಾಯ್ದೆಯಡಿ ಸೊಸೆಯನ್ನು ಮನೆಯಿಂದ ಹೊರಹಾಕುವ ಪ್ರಶ್ನೆ ಬೆಂಗಳೂರಿನ ಪ್ರಕರಣವೊಂದರಲ್ಲಿ ಎದುರಾದಾಗ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಆಕೆಗಿರುವ ವಾಸದ ಹಕ್ಕನ್ನು ಇದರಿಂದ ಅಳಿಸಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು.

ಆರೈಕೆ ಮಾಡುವವರ ಆರೈಕೆ

ಇಷ್ಟೆಲ್ಲ ವಿಧಿ–ನಿಯಮಗಳ ನಡುವೆ ಒಂದು ಕೊರತೆ ಎದ್ದು ಕಾಣುತ್ತದೆ. ಹೆತ್ತವರಿಗೆ ಜೀವನಾಂಶ ಉಂಟು, ತೊರೆದವರಿಗೆ ಶಿಕ್ಷೆ ಉಂಟು. ತೊರೆಯದೆ ಹಗಲಿರುಳು ಜೊತೆಗಿದ್ದು ಸೇವೆ ಮಾಡುವವರ ಬಗ್ಗೆ 2007ರ ಕಾಯ್ದೆ ಮೌನವಾಗಿದೆ. ಮಲಮೂತ್ರ ತೆಗೆದು, ನಿದ್ದೆಗೆಟ್ಟು, ನೌಕರಿ ಬಿಟ್ಟು ಮನೆಯಲ್ಲಿ ಉಳಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಕಾಯ್ದೆಯ ವ್ಯಾಖ್ಯೆಯೊಳಗೆ ಬಾರದ ಸೊಸೆಯೇ ಅನೇಕ ಮನೆಗಳಲ್ಲಿ ಆರೈಕೆಯ ಮುಖ್ಯ ಆಧಾರ. ಕೇಂದ್ರ ಸರ್ಕಾರಿ ನೌಕರರು ವರ್ಷಕ್ಕೆ 30 ದಿನಗಳ ಗಳಿಕೆ ರಜೆಯನ್ನು ಹೆತ್ತವರ ಆರೈಕೆಗೂ ಬಳಸಬಹುದೆಂದು ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿತು. ಅದು ಎಲ್ಲ ಕಾರಣಗಳಿಗೂ ಇರುವ ರಜೆಯೇ ಹೊರತು ಆರೈಕೆಗೆಂದೇ ಕೊಟ್ಟ ಪ್ರತ್ಯೇಕ ರಜೆಯಲ್ಲ.

ದೀರ್ಘಕಾಲದ ಶುಶ್ರೂಷೆಯಿಂದ ಬೆನ್ನುನೋವು, ನಿದ್ರಾಹೀನತೆ, ಸಿಡುಕು, ಖಿನ್ನತೆ ಬರುವುದು ಸಹಜ. ರೋಗಿಯ ಮೇಲೆ ಕೋಪಗೊಂಡು ಆಮೇಲೆ ಪಶ್ಚಾತ್ತಾಪ ಪಡುವುದು ಕೆಟ್ಟತನದ ಲಕ್ಷಣವಲ್ಲ, ಬಳಲಿಕೆಯ ಲಕ್ಷಣ. ಇಂಥವರು 14416 ಸಂಖ್ಯೆಯ ‘ಟೆಲಿ ಮಾನಸ್’ ಸಹಾಯವಾಣಿಗೆ ದಿನದ ಯಾವುದೇ ಹೊತ್ತಿನಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರಲ್ಲಿ ಆರಂಭವಾದ ಇದು ಉಚಿತ ಸೇವೆ. ಹಿರಿಯ ನಾಗರಿಕರ ಪಿಂಚಣಿ, ಕಾನೂನು, ದೌರ್ಜನ್ಯ, ವೃದ್ಧಾಶ್ರಮದ ಮಾಹಿತಿ ಮುಂತಾದವುಗಳಿಗೆ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಲಭ್ಯ. ಬೆಂಗಳೂರಿನಲ್ಲಿ ನಗರ ಪೊಲೀಸರು ಹಾಗೂ ನೈಟಿಂಗೇಲ್ಸ್ ಟ್ರಸ್ಟ್ 2002ರಲ್ಲಿ ಜೊತೆಗೂಡಿ ಆರಂಭಿಸಿದ 1090 ಸಹಾಯವಾಣಿಯೂ ಹಿರಿಯರಿಗೆ ಪರಿಚಿತ.

ಹಗಲು ಆರೈಕೆ ಕೇಂದ್ರ, ಅಲ್ಪಕಾಲದ ವಸತಿ ಆರೈಕೆಯ ಸೌಲಭ್ಯ ದೊಡ್ಡ ನಗರಗಳಲ್ಲಿವೆ. ಉಲ್ಬಣಾವಸ್ಥೆಯ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಉಪಶಮನ ಚಿಕಿತ್ಸೆಯಿದೆ. ಮನೆಯಲ್ಲಿ ಆರೈಕೆ ಸಾಧ್ಯವೇ ಇಲ್ಲದಾಗ ವೃದ್ಧಾಶ್ರಮ ಆರಿಸಿಕೊಳ್ಳುವುದು ಅವಮಾನದ ಸಂಗತಿಯೂ ಅಲ್ಲ. ಆದರೆ ಸೇರಿಸುವ ಮೊದಲು ಪೂರ್ವಸೂಚನೆಯಿಲ್ಲದೆ ಎರಡು ಬಾರಿ ಭೇಟಿ ನೀಡಬೇಕು. ರಾತ್ರಿ ಪಾಳಿಯಲ್ಲಿ ಎಷ್ಟು ಸಿಬ್ಬಂದಿ ಇರುತ್ತಾರೆ, ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಠೇವಣಿ ಹಣ ಮರಳಿಸುವ ನಿಯಮವೇನು, ಕಾಯಿಲೆ ಉಲ್ಬಣಿಸಿದರೆ ಇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿರಬೇಕಾದ ಹಿರಿಯರ ಒಪ್ಪಿಗೆ ಪಡೆಯಬೇಕು.

ಕಾಯ್ದೆಯಾಗಲಿ ಯೋಜನೆಯಾಗಲಿ ಮಗ–ಮಗಳ ಸ್ಥಾನವನ್ನು ತುಂಬಲಾರವು. ಆದರೆ ಮಕ್ಕಳು ಕಚೇರಿಗಳಿಗೆ ಅಲೆಯುವ ಹೊತ್ತನ್ನು ಅವು ಉಳಿಸಿಕೊಟ್ಟರೆ, ಆ ಹೊತ್ತನ್ನು ಅವರು ಹೆತ್ತವರ ಪಕ್ಕದಲ್ಲಿ ಕುಳಿತು ಕಳೆಯಬಹುದು. ಅದಕ್ಕಾಗಿಯಾದರೂ ಈ ಮಾಹಿತಿಯನ್ನು ಅಗತ್ಯ ಬೀಳುವ ಮೊದಲೇ ತಿಳಿದಿಟ್ಟುಕೊಳ್ಳುವುದು ಲೇಸು.